ಬಿಳಿ ಆಟಿಯಲ್ಲೊಂದು ಬಾಣಂತನ

ದೊಡ್ಡಮ್ಮನ ಕಾಲಲ್ಲಿ ಅವರ ಯಜಮಾನರ ಬೂದುಬಣ್ಣದ ಉಣ್ಣೆಯ ಕಾಲುಚೀಲ, ಅದರ ಮೇಲೆ ಗೇಣುದ್ದ ಎತ್ತಿ ಸಿಕ್ಕಿಸಿದ ಹತ್ತಿಯ ಸೀರೆ. ಕಾಲುಂಗುರವಿದ್ದ ಬೆರಳಿನ ಮೇಲೆ ಕಾಲುಚೀಲ ಸಣ್ಣಗೆ ಉಬ್ಬಿರುತ್ತಿತ್ತು. ತೂತು ಬೀಳುವುದೂ ಮೊದಲು ಅಲ್ಲಿಯೇ. ವಾರಕ್ಕೊಮ್ಮೆ ಕಿಟಕಿಯ ಬಳಿ ಕೂತು ಅದನ್ನು ಹೊಲಿಯುತ್ತಿದ್ದರು. ಕಾಲುಂಗುರ ತೆಗೆದಿಡಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದು ತೆಗೆಯುವ ಸಾಮಾನಲ್ಲ ಮಾರಾಯ್ತಿ. ಕಾಲುಚೀಲ ಬೇಕಾದ್ರೆ ತೆಗೀತೇನೆ" ಎಂದಿದ್ದರು.

ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಅವರು ಉಡುಪಿ ಕಡೆಯವರು, ನಾನು ಮೈಸೂರಿನವಳು. ಎಂಬತ್ತರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಅವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ನಾನು ಬಸುರಿಯಾದ ವರ್ಷವೇ ನನ್ನ ಗಂಡನಿಗೆ ಸಿಯೆರಾ ಬೆಟ್ಟದ ಮೇಲಿನ ಒಂದು ಅಣೆಕಟ್ಟಿನಲ್ಲಿ ಕೆಲಸ ಸಿಕ್ಕಿತು. ಕ್ಯಾಂಪ್‌ಬೆಲ್‌ನಿಂದ ಐದು ಗಂಟೆಯ ಕಾರಿನ ದಾರಿ. ಹಿಮ ನೋಡಬೇಕೆಂದು ಕುಣಿದುಕೊಂಡು ಹೋದವಳು ನಾನೇ, ಆದ್ದರಿಂದ ಯಾರನ್ನೂ ದೂರುವಂತಿರಲಿಲ್ಲ.

ಹೆರಿಗೆಗೆ ಕೆಳಗಿಳಿದು ದೊಡ್ಡಮ್ಮನ ಮನೆಗೇ ಬರುವುದೆಂದು ಮಾತಾಗಿತ್ತು. ಮೈಸೂರಿನಲ್ಲಿದ್ದ ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಆದರೆ ಮಗಳು ಮೂರು ವಾರ ಮೊದಲೇ, ಜನವರಿಯಲ್ಲಿ, ಬೆಟ್ಟದ ಮೇಲಿನ ಸಣ್ಣ ಆಸ್ಪತ್ರೆಯಲ್ಲಿ ಹುಟ್ಟಿಬಿಟ್ಟಳು. ಸುದ್ದಿ ತಿಳಿದ ಮೂರನೆಯ ದಿನ, ರಸ್ತೆ ತೆರೆದಿದ್ದ ಅರ್ಧ ಹಗಲಿನಲ್ಲಿ, ದೊಡ್ಡಮ್ಮ ಬಸ್ಸು ಹತ್ತಿ ಬಂದರು. ಒಂದು ಚೀಲದಲ್ಲಿ ಬಟ್ಟೆ, ಎರಡು ಚೀಲದಲ್ಲಿ ಓಮ, ಶುಂಠಿ, ಸಾಂಬ್ರಾಣಿ, ಬೆಳ್ಳುಳ್ಳಿ ಮತ್ತು ಒಂದು ಕಬ್ಬಿಣದ ಬಾಣಲೆ.

"ಹತ್ತು ದಿನ ಇರ್ತೇನೆ. ರಸ್ತೆ ಸರಿಯಾದ ಕೂಡಲೇ ಇಬ್ಬರನ್ನೂ ಕರ್ಕೊಂಡು ಇಳೀತೇನೆ" ಎಂದರು.

ಆ ಹತ್ತು ದಿನ ಮುಗಿಯಲು ಮೂರು ತಿಂಗಳು ಹಿಡಿಯಿತು. ಒಂದು ಬಿರುಗಾಳಿ ಹೋದರೆ ಹಿಂದೆಯೇ ಇನ್ನೊಂದು. ಇಷ್ಟು ಸಣ್ಣ ಕೂಸನ್ನು ಈ ರಸ್ತೆಯಲ್ಲಿ ಒಯ್ಯಬೇಡಿ ಎಂದು ಡಾಕ್ಟರರೂ ಹೇಳಿದರು. ನನ್ನ ಗಂಡ ಬೆಳಿಗ್ಗೆ ಸಲಿಕೆ ಹಿಡಿದು ಬಾಗಿಲಿನಿಂದ ರಸ್ತೆಯವರೆಗೆ ಹಿಮ ಎತ್ತಿ ಕೆಲಸಕ್ಕೆ ಹೋಗುವುದು, ಸಂಜೆ ಬಂದು ಅದೇ ಜಾಗದಲ್ಲಿ ಮತ್ತೆ ಎತ್ತುವುದು. ಕಿಟಕಿಯ ಅರ್ಧದವರೆಗೆ ಹಿಮ. ಮನೆಯೊಳಗೆ ಹಗಲೂ ದೀಪ. ಮಗುವಿನ ಬಟ್ಟೆ ಒಣಗುತ್ತಿರಲಿಲ್ಲ, ನನ್ನ ಕಣ್ಣೂ ಒಣಗುತ್ತಿರಲಿಲ್ಲ. ಯಾಕೆ ಅಳುತ್ತೀಯ ಎಂದು ಗಂಡ ಕೇಳಿದರೆ ಹೇಳಲು ಕಾರಣವಿರಲಿಲ್ಲ. ನನಗೆ ಸುಸ್ತಾಗಿತ್ತು, ಅಷ್ಟೇ. ನಿದ್ದೆಯಿಂದ ಹೋಗದ ಸುಸ್ತು.

ದೊಡ್ಡಮ್ಮ ಮಾತ್ರ ಕಾರಣ ಕೇಳಲಿಲ್ಲ. "ಇದು ಬಿಳಿ ಆಟಿ" ಎಂದರು. ಆಟಿ ಎಂದರೆ ಅವರ ಊರಿನಲ್ಲಿ ಮಳೆಗಾಲದ ನಟ್ಟನಡುವಿನ ತಿಂಗಳು. ಹೊರಗೆ ಕೆಲಸವಿಲ್ಲ, ಒಳಗೆ ಕೂಡಿಟ್ಟದ್ದನ್ನೇ ತಿಂದುಕೊಂಡು ಕಾಯಬೇಕು. "ಆಟಿಯಲ್ಲಿ ನಮ್ಮ ಅಜ್ಜಿ ಯಾರನ್ನೂ ಬೈತಿರಲಿಲ್ಲ. ಎಲ್ಲರಿಗೂ ಅಳು ಬರುವ ತಿಂಗಳು ಅದು. ನೀನು ಅಳು. ಆದ್ರೆ ಗಂಜಿ ಕುಡಿದು ಅಳು."

ಅವರ ಮಗ ಫೋನು ಮಾಡಿ, "ಅಮ್ಮ, ವೆನ್ ಆರ್ ಯು ಕಮಿಂಗ್ ಹೋಮ್?" ಎಂದು ಕೇಳುತ್ತಿದ್ದ. ಕೆಳಗೆ ಪ್ಲಮ್ ಮರಗಳು ಹೂಬಿಟ್ಟಿವೆ ಎಂದು ಅವರ ಯಜಮಾನರು ಹೇಳಿದ ದಿನ, ಫೋನಿಟ್ಟ ಮೇಲೆ ದೊಡ್ಡಮ್ಮ ಎಣ್ಣೆಯ ಬಟ್ಟಲು ಕೈಗೆತ್ತಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಎಣ್ಣೆ ಬಿಸಿ ಮಾಡ್ತೇನೆ, ಬೆನ್ನು ಕೊಡು" ಎಂದರು.

ಅವರ ಬಾಣಂತನ ಬಲು ಕಟ್ಟುನಿಟ್ಟು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ತಣ್ಣೀರಿನ ನಲ್ಲಿ ಮುಟ್ಟಿದರೆ ಕೈಗೊಂದು ಏಟು. ಮಗುವಿಗೆ ಸ್ನಾನವಾದ ಮೇಲೆ ಹಿಂಬಾಗಿಲು ತೆರೆದಿಟ್ಟು, ಬಾಣಲೆಯಲ್ಲಿ ಎರಡೇ ಎರಡು ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ತೋರಿಸುತ್ತಿದ್ದರು.

ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹೀಟರು ನಿಂತಿತು. ಗಂಡ ಅಣೆಕಟ್ಟಿನಲ್ಲಿದ್ದ, ಫೋನೂ ಸತ್ತಿತ್ತು. ಮಗುವಿನ ಪಾದ ತಣ್ಣಗಾಗುತ್ತಿದ್ದುದನ್ನು ನೋಡಿ ದೊಡ್ಡಮ್ಮ ತಮಗೆ ತಿಳಿದದ್ದನ್ನು ಮಾಡಿದರು. ಹಳೆಯ ಸೀರೆ ಹರಿದು ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ತುರುಕಿದರು. ಗ್ಯಾರೇಜಿನಲ್ಲಿದ್ದ ಬಾರ್ಬೆಕ್ಯೂ ಇದ್ದಿಲನ್ನು ಗ್ಯಾಸಿನ ಒಲೆಯ ಮೇಲೆ ಹೊತ್ತಿಸಿ, ಬಾಣಲೆ ತುಂಬ ಕೆಂಡ ಮಾಡಿ, ನನ್ನ ಮಂಚದ ಪಕ್ಕ ತಂದಿಟ್ಟರು. ಅವರ ಊರಿನಲ್ಲಿ ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ತಲೆತಲಾಂತರದ ಪದ್ಧತಿ. ನಮ್ಮ ಮೈಸೂರಿನಲ್ಲೂ ಇಡುತ್ತಾರೆ, ನಾನೂ ಬೇಡವೆನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಮೈ ಬೆಚ್ಚಗಾಗಿತ್ತು. ಅವರು ಬಾಗಿಲೆಳೆದುಕೊಂಡು ಗಂಜಿ ಮಾಡಲು ಅಡುಗೆಮನೆಗೆ ಹೋದರು.

ತಲೆ ಸಣ್ಣಗೆ ನೋಯುತ್ತಿದ್ದುದು ನೆನಪಿದೆ. ಏಳಬೇಕು ಎನಿಸಿದ್ದೂ, ಏಳುವುದು ಯಾರಿಗೆ ಬೇಕು ಎನಿಸಿದ್ದೂ ನೆನಪಿದೆ. ನನಗೆ ಎಚ್ಚರವಾದಾಗ ನಾನು ಹಿಮದ ಮೇಲೆ ಕೂತಿದ್ದೆ. ಬರಿಗಾಲು, ತಲೆಗೆ ಬಟ್ಟೆಯಿಲ್ಲ. ದೊಡ್ಡಮ್ಮ ಎಡಗೈಯಲ್ಲಿ ಮಗುವನ್ನು ಎದೆಗವಚಿಕೊಂಡು, ಬಲಗೈಯಿಂದ ನನ್ನ ಕೆನ್ನೆಗೆ ಹೊಡೆಯುತ್ತಿದ್ದರು.

"ಉಸಿರು ತೆಗಿ. ತೆಗಿ ಅಂದೆ. ಹೊರಗಿನ ಗಾಳಿ ತೆಗಿ."

ಮಗು ಹಾಲಿನ ಹೊತ್ತಾದರೂ ಅಳದಿದ್ದುದೇ ಅವರಿಗೆ ಸಂಶಯ ತಂದಿತ್ತಂತೆ. ಕೋಣೆಗೆ ಕಾಲಿಟ್ಟ ಕೂಡಲೇ ಅವರಿಗೂ ತಲೆ ತಿರುಗಿ, ಗೋಡೆ ಹಿಡಿದುಕೊಂಡರಂತೆ. ಅರವತ್ತರ ಹತ್ತಿರದ ಹೆಂಗಸು. ಮೊದಲು ಮಗುವನ್ನು ಹೊರಗೊಯ್ದು ಶಾಲಿನಲ್ಲಿ ಸುತ್ತಿ ಜಗಲಿಯಲ್ಲಿ ಮಲಗಿಸಿ, ಮತ್ತೆ ಅದೇ ಕೋಣೆಗೆ ನುಗ್ಗಿ, ತನಗಿಂತ ಒಂದು ಗೇಣು ಎತ್ತರದ ನನ್ನನ್ನು ಕಂಕುಳಿಗೆ ಕೈಹಾಕಿ ಎಳೆದು ತಂದಿದ್ದರು. ತಣ್ಣೀರು ಮುಟ್ಟಲು ಬಿಡದವರು ನನ್ನನ್ನು ಹಿಮದಲ್ಲಿ ಕೂರಿಸಿದ್ದರು. ತುಸು ಹೊತ್ತಿಗೆ ಮಗಳು ಅತ್ತಳು. ಅವಳ ಅಳು ಕೇಳಿ ದೊಡ್ಡಮ್ಮ ಹಿಮದ ಮೇಲೆಯೇ ಕುಸಿದರು. ಆ ಚಳಿಗಾಲದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಜೆ ಗಂಡ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು. "ನಿನ್ನ ಹೆಂಡತಿಯನ್ನೂ ಮಗುವನ್ನೂ ನಾನು ಕೊಲ್ಲಲಿಕ್ಕಿದ್ದೆ ಮಗಾ. ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಆಮೇಲೆ ನನ್ನನ್ನು ಬಸ್ಸಿಗೆ ಹತ್ತಿಸು." ಆಸ್ಪತ್ರೆಯಲ್ಲಿ ಇಬ್ಬರನ್ನೂ ಪರೀಕ್ಷಿಸಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ತುಂಬಿದ್ದೇ ಕಾರಣ, ಈಗ ತೊಂದರೆಯಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮನೆಗೆ ಬಂದಾಗ ದೊಡ್ಡಮ್ಮನ ಮೂರು ಚೀಲಗಳು ಬಾಗಿಲಲ್ಲಿದ್ದವು.

"ನಮ್ಮ ಊರಿನ ಹಂಚಿನ ಮನೆ ಉಸಿರಾಡ್ತದೆ. ಈ ಮನೆಗೆ ಉಸಿರೇ ಇಲ್ಲ ಅಂತ ನಂಗೆ ಗೊತ್ತಾಗಬೇಕಿತ್ತು" ಎಂದರು.

"ದೊಡ್ಡಮ್ಮ, ನೀವು ಹೋದ್ರೆ ನಾನು ಈ ಚಳೀಲಿ ಉಳಿಯಲ್ಲ" ಎಂದೆ. ಅದು ಸುಮ್ಮನೆ ಆಡಿದ ಮಾತಾಗಿರಲಿಲ್ಲ. ಅವರಿಗೂ ಅದು ಗೊತ್ತಾಯಿತು. ಚೀಲ ಒಳಗಿಟ್ಟರು.

ಉಳಿದರು, ಆದರೆ ಮೊದಲಿನಂತಲ್ಲ. ಬಾಣಲೆ ಮತ್ತೆ ಒಲೆ ಕಾಣಲಿಲ್ಲ. ನಾನಾಗಿ ಎತ್ತಿ ಕೊಡುವವರೆಗೆ ಮಗುವನ್ನು ಮುಟ್ಟುತ್ತಿರಲಿಲ್ಲ. ಮಲಗಿದ ಮಗುವಿನ ಮೂಗಿನ ಬಳಿ ಮತ್ತೆ ಮತ್ತೆ ಕೈ ಹಿಡಿದು ನೋಡುತ್ತಿದ್ದರು. ಹಿಮ ಬೀಳುವುದು ನಿಂತ ಮೇಲೂ ಮರಗಳಿಂದ ಕುಸಿಯುತ್ತಲೇ ಇತ್ತು. "ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ" ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಏಪ್ರಿಲ್ ಕೊನೆಗೆ ರಸ್ತೆ ತೆರೆದು ನಾವು ಕೆಳಗಿಳಿದಾಗ ಪ್ಲಮ್ ಮರಗಳ ಹೂವೆಲ್ಲ ಉದುರಿ ಎಲೆ ಬಂದಿತ್ತು.

ಆಮೇಲೆ ಮೂವತ್ತು ವರ್ಷ ಅವರು ಕೆಂಡ ಇಟ್ಟ ಕಥೆಯನ್ನು ಹೇಳದ ಬಸುರಿಯಿಲ್ಲ. ಯಾರದೇ ಸೀಮಂತವಿರಲಿ, ಹುಡುಗಿಯನ್ನು ಪಕ್ಕಕ್ಕೆ ಕರೆದು, "ನಾನೊಬ್ಬಳು ದಡ್ಡಿ, ಹೀಗೆ ಮಾಡಿದ್ದೆ. ನಿನ್ನ ಅಮ್ಮ ಬಂದು ಕೆಂಡ ಇಡ್ತೇನೆ ಅಂದ್ರೆ ಬಿಡಬೇಡ" ಎನ್ನುತ್ತಿದ್ದರು. ಕೆಲವರು ಬೆನ್ನ ಹಿಂದೆ ನಕ್ಕರು. ಕೆಲವರು ಬಾಣಂತನಕ್ಕೆ ಅವರನ್ನು ಕರೆಯುವುದನ್ನೇ ಬಿಟ್ಟರು. ಅದು ಅವರಿಗೆ ತಿಳಿಯದೆ ಇರಲಿಲ್ಲ, ಆದರೂ ಹೇಳುವುದನ್ನು ನಿಲ್ಲಿಸಲಿಲ್ಲ.

ಅವರು ತೀರಿಕೊಂಡ ಹದಿಮೂರನೆಯ ದಿನ ಊಟಕ್ಕೆ ಕೂತಿದ್ದಾಗ ಯಾರೋ ಆ ಕೆಂಡದ ವಿಷಯ ತೆಗೆದರು. ಪಾಪ, ತಿಳಿಯದೆ ಮಾಡಿದ್ದು ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ನನಗೆ ತಡೆಯಲಾಗಲಿಲ್ಲ. ತಲೆ ತಿರುಗುತ್ತಿದ್ದರೂ ಅವರು ಆ ಕೋಣೆಗೆ ಎರಡು ಸಲ ಹೋದದ್ದನ್ನೂ, ಒಮ್ಮೆ ಮಗುವಿಗಾಗಿ, ಒಮ್ಮೆ ನನಗಾಗಿ, ಎಲ್ಲರೆದುರು ಹೇಳಿದೆ. ಅವರ ಯಜಮಾನರು ತುತ್ತನ್ನು ಎಲೆಯಲ್ಲೇ ಬಿಟ್ಟು ನನ್ನನ್ನು ನೋಡಿದರು.

"ಅದನ್ನು ಅವಳು ನಂಗೆ ಹೇಳಿಯೇ ಇಲ್ಲ" ಎಂದರು.