ಬಾಗಿಲು ತೆಗೆಸಿದ ಚೆಕಿಂಗ್ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹೊಲಿಗೆ ಮೆಷಿನ್ನಿನಲ್ಲಿ ಕೂರುತ್ತಿದ್ದ ಕಾಲದಲ್ಲಿ ಸೂಜಿ ಹೊಕ್ಕಿತ್ತಂತೆ. ಆಮೇಲೆ ಬೆಳೆದ ಉಗುರು ಎರಡಾಗಿಯೇ ಬೆಳೆಯಿತು. ಆ ಉಗುರನ್ನು ಶರಟಿನ ಹೊಲಿಗೆಗುಂಟ ಎಳೆದುಕೊಂಡು ಹೋಗುತ್ತಿದ್ದಳು. ಎಲ್ಲಾದರೂ ಹೊಲಿಗೆ ಸಡಿಲವಿದ್ದರೆ ದಾರ ಸೀಳಿಗೆ ಸಿಕ್ಕಿಕೊಳ್ಳುತ್ತಿತ್ತು. ಕುಣಿಗಲ್ಲಿನ ಹೊರಗಿರುವ ಗಾರ್ಮೆಂಟ್ಸ್ ಒಂದರಲ್ಲಿ ನಮ್ಮ ಲೈನಿನ ಕೊನೆಯ ಟೇಬಲ್ ಅವಳದು. ನಾವೆಲ್ಲ ಚೆಕಿಂಗ್ ಅಕ್ಕ ಅನ್ನುತ್ತಿದ್ದೆವು.

ಬೇರೆ ಲೈನುಗಳಲ್ಲಿ ಪೀಸು ಕೆಟ್ಟಿದ್ದರೆ ಅದನ್ನು ಹೊಲಿದವಳ ಮುಖಕ್ಕೇ ಎಸೆಯುತ್ತಿದ್ದರು. ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಒಮ್ಮೆ ನನ್ನ ಕಾಲರುಗಳೆಲ್ಲ ಒಂದೇ ಕಡೆ ವಾಲಿ ಬರುತ್ತಿದ್ದವು. ಸೂಪರ್‌ವೈಸರ್ ಬಯ್ಯುತ್ತಲೇ ಇದ್ದ. ಅಕ್ಕ ನನ್ನನ್ನು ಎಬ್ಬಿಸಿ ತಾನೇ ಕೂತು ನೋಡಿದಳು. "ನಿನ್ ತಪ್ಪಲ್ಲ ಕಣೇ, ಮೇಲೆ ಟ್ಯೂಬ್‌ಲೈಟ್ ಸತ್ತೋಗೈತೆ. ನೆರಳು ಬೀಳ್ತಾ ಐತೆ," ಅಂದಳು. ಟ್ಯೂಬ್‌ಲೈಟ್ ಬದಲಾಯಿಸಿದರು. ಕಾಲರು ಸರಿಹೋದವು.

ನಮ್ಮ ಫ್ಲೋರಿನ ಹಿಂಬಾಗಿಲಿಗೆ ಕೆಲಸದ ಹೊತ್ತಿನಲ್ಲಿ ಸರಪಳಿ ಬಿಗಿದು ಬೀಗ ಹಾಕುತ್ತಿದ್ದರು. ಪೀಸು ಕದ್ದು ಸಾಗಿಸುತ್ತಾರೆ ಅನ್ನುವುದು ಕಾರಣ. ಒಂದು ಮಧ್ಯಾಹ್ನ ಇಸ್ತ್ರಿ ಸೆಕ್ಷನ್ನಿನಲ್ಲಿ ವೈರು ಸುಟ್ಟು ಹೊಗೆ ತುಂಬಿತು. ಮೊದಲು ಹಿಂದಕ್ಕೆ ಓಡಿದೆವು. ಬೀಗ ನೋಡಿ ಎಲ್ಲರೂ ಮುಂದಿನ ಬಾಗಿಲಿಗೆ ತಿರುಗಿದರು. ನಾನು ಆರು ತಿಂಗಳ ಬಸುರಿ. ಹೊಸ್ತಿಲ ಹತ್ತಿರ ಬಿದ್ದೆ, ಹಿಂದಿನಿಂದ ಬಂದವರಿಗೆ ನಾನು ಕಾಣಿಸಲಿಲ್ಲ. ಹತ್ತು ನಿಮಿಷದಲ್ಲಿ ಹೊಗೆ ಹೋಯಿತು. ಯಾರಿಗೂ ಸುಟ್ಟಿರಲಿಲ್ಲ. ನನ್ನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಮಗು ಉಳಿಯಲಿಲ್ಲ.

ಒಂದೂವರೆ ತಿಂಗಳ ಮೇಲೆ ನಮ್ಮೂರು ಹುಲಿಯೂರುದುರ್ಗದಿಂದ ಎಂದಿನ ಫ್ಯಾಕ್ಟರಿ ವ್ಯಾನಿನಲ್ಲಿ ಕೆಲಸಕ್ಕೆ ಬಂದೆ. ಸರಪಳಿ ಅಲ್ಲೇ ಇತ್ತು. ಸಿಟ್ಟು ಬರಲಿಲ್ಲ. ಕೂತು ಕಾಲರು ಹೊಲಿದೆ.

ಸಿಟ್ಟು ಬಂದದ್ದು ಉಳಿದವರಿಗೆ. ಗೇಟಿನ ಮುಂದೆ ಕೂರೋಣ, ಸಂಬಳ, ಕ್ಯಾಂಟೀನು, ರಜೆ ಎಲ್ಲ ಸೇರಿಸಿ ಕೇಳೋಣ ಅಂದರು. ಅಕ್ಕ ಒಪ್ಪಲಿಲ್ಲ. "ಹತ್ತು ಕೇಳಿದ್ರೆ ಅದ್ರಲ್ಲಿ ಸಣ್ಣದೊಂದು ಕೊಟ್ಟು ಕಳುಸ್ತಾರೆ. ಒಂದೇ ಕೇಳಣ. ಬೀಗ." ಊಟದ ಹೊತ್ತಿನಲ್ಲಿ ಒಂದು ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಕೆಳಗೆ ಮ್ಯಾನೇಜರು, ಮೇಲೆ ಓನರು, ಅದರ ಮೇಲೆ ಶರಟು ಕೊಳ್ಳುವ ಹೊರದೇಶದ ಕಂಪನಿ. "ಮ್ಯಾನೇಜರ್ ಕೆಟ್ಟೋನಲ್ಲ ಕಣ್ರೇ. ಪೀಸು ಕಮ್ಮಿ ಬಂದ್ರೆ ಅವ್ನಿಗೆ ಭಯ. ಆರ್ಡರ್ ಹೋದ್ರೆ ಓನರ್‌ಗೆ ಭಯ. ಅಂಗಡೀಲಿ ಜನ ಮುಖ ತಿರುಗಿಸಿದ್ರೆ ಆ ಕಂಪನಿಗೆ ಭಯ. ಯಾರಿಗೆ ಏನ್ ಭಯ ಅಂತ ಗೊತ್ತಾದ್ರೆ ಯಾರ ಹತ್ರ ಹೆಂಗ್ ಮಾತಾಡ್ಬೇಕು ಅಂತ ಗೊತ್ತಾಗುತ್ತೆ."

ಮೊದಲು ಮ್ಯಾನೇಜರ್ ಹತ್ತಿರವೇ ಹೋದಳು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲು ಹಾಕಿಸಿ, ತೆರೆದ ಕೂಡಲೇ ಬೆಲ್ ಹೊಡೆಯುವ ಹಾಗೆ ಮಾಡಿ, ಕಳ್ಳತನದ ಮಾತೇ ಇರುವುದಿಲ್ಲ ಅಂದಳು. ಆತ "ನೋಡ್ತೀನಮ್ಮ" ಅಂದ. ಮೂರು ತಿಂಗಳು ನೋಡಿದ.

ಆಮೇಲೆ ಆ ಹೊರದೇಶದ ಕಂಪನಿಗೆ ಕಾಗದ ಬರೆಯುವುದೆಂದಾಯಿತು. ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಡಂ ಒಬ್ಬರನ್ನು ಹುಡುಕಿಕೊಂಡು ಅಕ್ಕ ಭಾನುವಾರ ಹೋಗಿಬಂದಳು. ಸಹಿ ಹಾಕಲು ಹೆಂಗಸರು ಹೆದರಿದರು. ಮೊದಲ ಹೆಸರು ಯಾರದೋ ಅವಳ ಕೆಲಸ ಹೋಗುತ್ತದೆ. ಅಕ್ಕ ಕಾಗದದ ಮೇಲೆ ಊಟದ ತಟ್ಟೆ ಬೋರಲಿಟ್ಟು ಸುತ್ತ ಗೆರೆ ಎಳೆದಳು. ಆ ಗೆರೆಯ ಸುತ್ತ ಎಲ್ಲರೂ ಸಹಿ ಹಾಕಿದರು. ಯಾರು ಮೊದಲು, ಯಾರು ಕೊನೆ ಅಂತ ಯಾರಿಗೂ ಹೇಳಲು ಬರುವಂತಿರಲಿಲ್ಲ.

ನನ್ನ ವಿಷಯ ಬರೆಯಲೇಬೇಕು ಅಂತ ಎಲ್ಲರೂ ಹಟ ಹಿಡಿದರು. ನಾನು ಬೇಡ ಅಂದೆ. ಅಕ್ಕ ಅವರನ್ನು ಸುಮ್ಮನಿರಿಸಿ, ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು.

"ಅದನ್ನ ಬರುದ್ರೆ ಕೆಲ್ಸ ಬೇಗ ಆಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ಅದು ನಿಂದು. ನೀನು ಬೇಡ ಅಂದ್ರೆ ನಾನ್ ಬೇರೆ ದಾರಿ ನೋಡ್ತೀನಿ."

ನಾಲ್ಕು ದಿನ ಮತ್ತೆ ಕೇಳಲಿಲ್ಲ. ಐದನೆಯ ದಿನ ನಾನೇ ಹೋಗಿ "ಬರಿ ಅಕ್ಕ" ಅಂದೆ. ಹೆಸರಿಲ್ಲದೆ ಒಂದೇ ವಾಕ್ಯ ಬರೆಸಿದಳು.

ಹೇಳದೆ ಕೇಳದೆ ಒಂದು ದಿನ ಆ ಕಂಪನಿಯವರು ಬಂದು ಹಿಂಬಾಗಿಲ ಮುಂದೆ ನಿಂತರು. ಆ ವಾರವೇ ಸರಪಳಿ ಹೋಯಿತು. ಅಕ್ಕ ಹೇಳಿದಂಥ ಬಾಗಿಲೇ ಬಂತು, ಬೆಲ್ ಸಮೇತ. ಮ್ಯಾನೇಜರು ಅದು ತನ್ನ ಯೋಚನೆ ಅಂದ. "ಹೇಳ್ಕೊಳ್ಳಲಿ ಬುಡು, ಹೇಳ್ಕೊಂಡ್ರೆ ತಿರುಗ ಬೀಗ ಹಾಕಲ್ಲ," ಅಂದಳು ಅಕ್ಕ. ಕೆಲವು ತಿಂಗಳ ಮೇಲೆ ಮೇಡಂ ಫೋನ್ ಮಾಡಿದರು. ತನಗೆ ಶರಟು ಹೊಲಿದುಕೊಡುವ ಎಲ್ಲ ದೇಶಗಳ ಫ್ಯಾಕ್ಟರಿಗಳಲ್ಲೂ ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಕೂಡದು ಅಂತ ಆ ಕಂಪನಿ ನಿಯಮ ಮಾಡಿತ್ತು. ಅಕ್ಕ ಫೋನಿಟ್ಟು ನಮಗೆ ಹೇಳಿದಳು. ಯಾವ ಯಾವ ದೇಶ ಅಂತ ಒಬ್ಬಳು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಊಟದ ಬಿಡುವು ಮುಗಿದ ಬೆಲ್ ಹೊಡೆಯಿತು, ಎಲ್ಲರೂ ಮೆಷಿನ್ನಿಗೆ ಹೋದೆವು.

ವರ್ಷ ತುಂಬುವುದರೊಳಗೆ ಅಕ್ಕನನ್ನು ತುಮಕೂರಿನ ಆಚೆ, ಕೋರದ ಕಡೆಯ ಇನ್ನೊಂದು ಯೂನಿಟ್ಟಿಗೆ ಹಾಕಿದರು. ಕಾರಣ ಹೇಳಲಿಲ್ಲ. ಅವಳು ಮಗಳನ್ನು ಕರೆದುಕೊಂಡು ಗುಬ್ಬಿಯ ತವರಿಗೆ ಹೋಗಿ, ಅಲ್ಲಿಂದ ಎರಡು ಬಸ್ಸು ಹತ್ತಿ ಕೆಲಸಕ್ಕೆ ಓಡಾಡಿದಳು. ನಾನು ಒಂದು ಸಲವೂ ಹೋಗಿ ನೋಡಲಿಲ್ಲ.

ಹೋದ ವರ್ಷ ಬಸ್‌ಸ್ಟಾಪಿನಲ್ಲೇ ಎದೆನೋವು ಬಂದು ಕುಸಿದಳಂತೆ. ಸುದ್ದಿ ಬಂದಾಗ ನಾನು ಮೆಷಿನ್ನಿನಲ್ಲಿದ್ದೆ. ರಜೆ ಬರೆದುಕೊಟ್ಟು ಗುಬ್ಬಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು ಬರಲಿಲ್ಲ. ಜಗಲಿಯ ಮೇಲೆ ಕೂತೆ.

ಅವಳ ಮಗಳು ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಕಾಲೇಜಿಗೆ ಹೋಗುವ ಹುಡುಗಿ.

"ಅಮ್ಮ ಕುಣಿಗಲ್‌ನಲ್ಲಿ ಏನ್ ಮಾಡ್ತಿದ್ರು ಆಂಟಿ? ಶರಟು ಚೆಕ್ ಮಾಡ್ತೀನಿ ಅಂತಷ್ಟೇ ಹೇಳೋರು."

ಮಗಳಿಗೆ ಏನೂ ಹೇಳಿರಲಿಲ್ಲ. ನಾನು ಹೇಳತೊಡಗಿದೆ. ಬೀಗ, ಹೊಗೆ, ಕಾಗದ, ಬೇರೆ ದೇಶಗಳು. ಕಾಗದದಲ್ಲಿ ನನ್ನ ಬಗ್ಗೆ ಬರೆಸಿದ ಆ ಒಂದು ವಾಕ್ಯದ ಹತ್ತಿರ ಬಂದು ನಿಂತೆ. ಅಲ್ಲಿಯವರೆಗೆ ನನ್ನ ಗಂಡನ ಹತ್ತಿರವೂ ಆ ಮಾತು ಆಡಿರಲಿಲ್ಲ.

"ಹೆಣ್ಣು ಮಗು ಕಣಮ್ಮ," ಅಂದೆ. "ಕೂದಲು ಬಂದಿತ್ತು."