ಕೂಪನ್ ನಾರಾಯಣಣ್ಣ

ನಾರಾಯಣಣ್ಣನ ಅಂಗಿಯ ಕಿಸೆಯಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಕತ್ತರಿ ಇರುತ್ತಿತ್ತು. ಚಹಾಪುಡಿ, ಸಾಬೂನು, ತೆಂಗಿನೆಣ್ಣೆ, ಬಟ್ಟೆ ಒಗೆಯುವ ಪುಡಿ, ಯಾವ ಪ್ಯಾಕೆಟ್ ಕೈಗೆ ಸಿಕ್ಕಿದರೂ ಮೊದಲು ಅದರ ಹಿಂಬದಿ ನೋಡುತ್ತಿದ್ದರು. ಕೋಡ್ ಕಳಿಸಿದರೆ ಇಷ್ಟು ದುಡ್ಡು ವಾಪಸು, ಇಂಥ ವಸ್ತು ಉಚಿತ ಎಂದು ಕಂಪೆನಿಯವರು ಅಚ್ಚು ಹಾಕಿಸಿದ್ದರೆ ಆ ತುಂಡು ಕತ್ತರಿಸಿ ಕಿಸೆಗೆ ಸೇರುತ್ತಿತ್ತು. ಹೊಸಂಗಡಿಯಲ್ಲಿ ಎಲ್ಲರೂ ಅವರನ್ನು ಕೂಪನ್ ನಾರಾಯಣಣ್ಣ ಎನ್ನುತ್ತಿದ್ದರು. ಎದುರಿಗೇ ಅಂದರೂ ಅವರಿಗೆ ಬೇಸರವಿರಲಿಲ್ಲ.

ನನ್ನದು ಅಲ್ಲಿ ಜೆರಾಕ್ಸ್ ಅಂಗಡಿ. ಕರೆಂಟು ಬಿಲ್ಲು, ಪರೀಕ್ಷೆಯ ಅರ್ಜಿ, ಪಂಚಾಯತಿನ ಕಾಗದ, ಆನ್‌ಲೈನಿನ ಎಲ್ಲ ಕೆಲಸವನ್ನೂ ಮಾಡಿಕೊಡುತ್ತೇನೆ. ನಾರಾಯಣಣ್ಣ ಬಾಯಾರು ಕಡೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿ ದುಡಿದು, ಮಂಡಿನೋವು ಶುರುವಾದ ಮೇಲೆ ಬಿಟ್ಟವರು. ಅವರ ಫೋನು ಬಟನ್ನಿನದು. ಹಾಗಾಗಿ ಪ್ರತಿ ಸೋಮವಾರ ಹತ್ತೂವರೆಗೆ, ಅಂದರೆ ನನಗೆ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತಿಗೆ ಸರಿಯಾಗಿ, ವಾರದ ಸಂಪಾದನೆ ಹಿಡಿದುಕೊಂಡು ಬರುತ್ತಿದ್ದರು. ನೋಟು ಮಡಚುವಂತೆ ಉದ್ದಕ್ಕೆ ಮಡಚಿದ ತುಂಡುಗಳು ಬೆರಳುಗಳ ಸಂದಿಯಲ್ಲಿರುತ್ತಿದ್ದವು. ಒಂದು ಸಂದಿಯಲ್ಲಿ ಸಾಬೂನು, ಇನ್ನೊಂದರಲ್ಲಿ ಚಹಾ. ನಾನು ಕೋಡ್ ಒತ್ತಿದರೆ ಒಟಿಪಿ ಅವರ ಫೋನಿಗೆ ಬರುತ್ತಿತ್ತು. ಸ್ಟಾಪಿನ ಹೆಸರು ಕೂಗುವ ದನಿಯಲ್ಲೇ ಅದನ್ನು ಓದುತ್ತಿದ್ದರು. ರಸ್ತೆಯಾಚೆಯ ಮೀನಿನ ಅಂಗಡಿಗೂ ಕೇಳಿಸುತ್ತಿತ್ತು.

ಬೈಯುವುದೆಂದರೆ ಅವರಿಗೆ ಊಟ ಮಾಡಿದಷ್ಟೇ ಸಹಜ. ಕಂಪೆನಿಯ ಸಹಾಯವಾಣಿಯವರಿಗೆ ಮೂರು ಭಾಷೆಯಲ್ಲಿ ಬೈಯುತ್ತಿದ್ದರು. ನಾನು ಅವಸರದಲ್ಲಿ ಯಾವುದೋ ತುಂಡಿನ ಮೂಲೆ ಹರಿದರೆ ಮುಗಿಯಿತು. "ನಿನಗೆ ಬುದ್ಧಿ ಉಂಟಾ, ಸುಜಾತ? ನಂಬ್ರ ಹರಿದ್ರೆ ಅವನು ಎಂತ ನೋಡಿ ಕೊಡುದು? ಕಂಪ್ಯೂಟರ್ ಇಟ್ಟುಕೊಂಡಿದ್ದಿ, ಕಣ್ಣು ಎಲ್ಲಿಟ್ಟಿದ್ದಿ?" ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಸೋಮವಾರ ಅವರು ಬರುವುದು ತಡವಾದರೆ ಬಾಗಿಲ ಕಡೆ ನೋಡುತ್ತಿದ್ದವಳೂ ನಾನೇ.

ನನ್ನ ತಂಗಿಯ ಮದುವೆಯ ದಿನ ಅವರು ಊಟದ ಪಂಕ್ತಿಯಲ್ಲಿ ಕಾಣಲಿಲ್ಲ. ಹುಡುಕಿದರೆ ಕಲ್ಯಾಣಮಂಟಪದ ಹಿಂದೆ ಅಡುಗೆಯವರ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತು, ಖಾಲಿಯಾದ ಎಣ್ಣೆ, ಚಹಾಪುಡಿಯ ಪ್ಯಾಕೆಟುಗಳನ್ನು ಕತ್ತರಿಸುತ್ತಿದ್ದಾರೆ. ಗಂಡಿನ ಕಡೆಯವರು ನೋಡಿದರೆ ಏನೆಂದುಕೊಂಡಾರು ಎಂದು ನನಗೆ ನಾಚಿಕೆಯಾಯಿತು. "ಇದೆಂತ ನಾರಾಯಣಣ್ಣ, ಇವತ್ತೂ ಬೇಕಾ?" ಎಂದೆ. ಅವರು ತಲೆ ಎತ್ತಲಿಲ್ಲ. "ಚಿಲ್ಲರೆ ಬಿಟ್ಟು ಇಳಿದವರನ್ನು ನಾನು ಬಸ್ಸು ನಿಲ್ಲಿಸಿ ಕರ್ದು ಕೊಟ್ಟಿದ್ದೇನೆ. ಇದು ಕಂಪೆನಿಯವ ನಮಗೆ ಕೊಡ್ಲಿಕ್ಕಿರುವ ಚಿಲ್ಲರೆ. ಕೇಳ್ಲಿಕ್ಕೆ ನಾಚಿಕೆ ಎಂತಕ್ಕೆ?" ಆಮೇಲೆ ಕೈ ತೊಳೆದು ಬಂದು ಕೊನೆಯ ಪಂಕ್ತಿಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡರು.

ಇದೆಲ್ಲ ಹುಟ್ಟುಗುಣದ ಜಿಪುಣತನವೆಂದೇ ನಾನು ತಿಳಿದಿದ್ದೆ. ಅವರ ಹೆಂಡತಿ ಕಮಲಕ್ಕ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದು ಗೊತ್ತಿತ್ತು. ಆದರೆ ಆ ಮನೆ ಹೇಗೆ ನಡೆಯುತ್ತದೆಂದು ಯೋಚಿಸಿರಲಿಲ್ಲ. ಒಮ್ಮೆ, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಏನೋ ಪ್ರಿಂಟ್ ತೆಗೆಸಲು ಬಂದವರು ಹೇಳಿದರು. ಕಮಲಕ್ಕನ ಬೆನ್ನಿನಲ್ಲಿ ಹುಣ್ಣು ಏಳುತ್ತಿದೆ. ಡಯಾಪರನ್ನು ದಿನಕ್ಕೆ ನಾಲ್ಕು ಸಲ ಬದಲಿಸಬೇಕು. ನಾರಾಯಣಣ್ಣ ಎರಡೇ ಸಲ ಬದಲಿಸುತ್ತಾರೆ. ಅವುಗಳ ಬೆಲೆಗೆ ಅಷ್ಟೇ ಸಾಧ್ಯ. ಸಾಬೂನಿನಲ್ಲಿ, ಚಹಾದಲ್ಲಿ ಉಳಿದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದು ನನಗೆ ತಿಳಿದದ್ದು ಆಗ.

ಮುಂದಿನ ವಾರ ನಾರಾಯಣಣ್ಣ ಕಾಸರಗೋಡಿನ ಮೆಡಿಕಲ್ ಅಂಗಡಿಯಿಂದ ಒಂದು ಚೀಟಿ ತಂದರು. ಡಯಾಪರ್ ಕಂಪೆನಿಯದು, ಮಲಯಾಳದಲ್ಲಿತ್ತು. ಮಲಯಾಳ ಅವರು ನೀರು ಕುಡಿದಂತೆ ಮಾತಾಡುತ್ತಿದ್ದರು. ಕಲಿತದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಓದಲು ಬರುತ್ತಿದ್ದದ್ದು ಬಸ್ಸಿನ ಬೋರ್ಡು ಮಾತ್ರ. "ಪೂರ್ತಿ ಓದಿ ಹೇಳು," ಎಂದರು. ನಾನು ಮೇಲಿನ ದಪ್ಪ ಅಕ್ಷರಗಳನ್ನು ಓದಿದೆ. ಆರು ಪ್ಯಾಕೆಟಿನ ಕೋಡ್ ಕಳಿಸಿದರೆ ಆರು ಪ್ಯಾಕೆಟ್ ಉಚಿತವಾಗಿ ಮನೆಗೆ ಬರುತ್ತದೆ.

ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ಹಾಗಾದ್ರೆ ನಾಲ್ಕು ಸಲ ಬದಲಿಸ್ಬಹುದು," ಎಂದರು. ಮತ್ತೆ ಕೇಳಿದರು. "ತಲಪಾಡಿಯಲ್ಲಿ ತಗೊಂಡ್ರೆ ಆಗ್ತದಾ? ಅಲ್ಲಿ ರೇಟು ಕಡಿಮೆ ಉಂಟು."

ತಲಪಾಡಿ ನಮಗೆ ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ನಮ್ಮದು ಕೇರಳ, ಗಡಿ ದಾಟಿದರೆ ಸಿಗುವ ಅದು ಕರ್ನಾಟಕ. ಆದರೆ ಅಕ್ಕಿ ಅಲ್ಲಿಂದ, ಔಷಧಿ ಇಲ್ಲಿಂದ ತರುವ ನಮಗೆ ಅದೊಂದು ಗಡಿ ಎಂದು ನೆನಪಾಗುವುದೇ ಅಪರೂಪ. ಹಿಂದೆ ಐದು ಜನ ಕಾಯುತ್ತಿದ್ದರು. "ಎಲ್ಲಿ ತಗೊಂಡ್ರೂ ಆಗ್ತದೆ ನಾರಾಯಣಣ್ಣ," ಎಂದುಬಿಟ್ಟೆ.

ಒಂದು ತಿಂಗಳಲ್ಲಿ ತಲಪಾಡಿಯಿಂದ ಆರು ಪ್ಯಾಕೆಟ್ ತಂದು ಬಳಸಿ, ಆರು ತುಂಡುಗಳನ್ನು ಹಿಡಿದುಕೊಂಡು ಬಂದರು. ಕೋಡ್ ಒತ್ತಿದೆ. ಸ್ವೀಕರಿಸಲಿಲ್ಲ. ಎರಡನೆಯದನ್ನೂ ಸ್ವೀಕರಿಸಲಿಲ್ಲ. ಚೀಟಿ ತೆಗೆದು ಅಡಿಯ ಸಣ್ಣ ಅಕ್ಷರ ನೋಡಿದರೆ, ಕೇರಳದಲ್ಲಿ ಮಾರಾಟವಾದ ಪ್ಯಾಕೆಟುಗಳಿಗೆ ಮಾತ್ರ ಎಂದಿತ್ತು. ಗಟ್ಟಿಯಾಗಿ ಓದಿದೆ. ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. ತುಂಡುಗಳನ್ನು ಒಂದೊಂದಾಗಿ ಹೆಕ್ಕಿ, "ಹಾಗಾದ್ರೆ ಇಲ್ಲೇ ನಮ್ಮ ಉಪ್ಪಳದಿಂದ ತರ್ತೇನೆ," ಎಂದರು. ಅಷ್ಟು ಪ್ಯಾಕೆಟ್ ನಾನೇ ತೆಗೆದುಕೊಡುತ್ತೇನೆ ಎಂದೆ. "ನೀನು ಯಾಕೆ? ಕಂಪೆನಿಯವ ಕೊಡ್ತಾನೆ," ಎಂದು ಮೆಟ್ಟಿಲಿಳಿದರು. ನಾನು ಇನ್ನೊಮ್ಮೆ ಹೇಳಲಿಲ್ಲ. ಅಂಗಡಿ ಮುಚ್ಚಿ ಆ ದಿನವೇ ಕೊಂಡುಹೋಗಿ ಕೊಡಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮತ್ತೆ ಒಂದು ತಿಂಗಳು. ಈ ಸಲ ಆರೂ ಕೋಡ್ ಹೋದವು. ಪಾರ್ಸೆಲ್ ಹೊರಟಿದೆ ಎಂದು ಸಂದೇಶ ಬಂದ ಮೂರನೆಯ ದಿನ ಕಮಲಕ್ಕ ತೀರಿಕೊಂಡರು. ಬೆನ್ನಿನ ಹುಣ್ಣು ನಂಜಾಗಿತ್ತು.

ನಾರಾಯಣಣ್ಣನೂ ಈಗ ಇಲ್ಲ. ಕಮಲಕ್ಕ ತೀರಿಕೊಂಡ ಮೇಲೆ ಎಡನೀರಿನ ಹತ್ತಿರ ತಮ್ಮನ ಮನೆಯಲ್ಲಿದ್ದವರು ಕಳೆದ ಮಳೆಗಾಲದಲ್ಲಿ ಹೋದರಂತೆ. ನನಗೆ ತಿಳಿಯುವಾಗ ಕ್ರಿಯೆಯೆಲ್ಲ ಮುಗಿದಿತ್ತು. ಸೋಮವಾರ ಹತ್ತೂವರೆಗೆ ಈಗಲೂ ಅಂಗಡಿಯಲ್ಲಿ ಜನ ತುಂಬುತ್ತಾರೆ. ಯಾರೂ ನನಗೆ ಬೈಯುವುದಿಲ್ಲ. ಒಬ್ಬರಾದರೂ ಗಟ್ಟಿ ದನಿಯಲ್ಲಿ ಬೈದು ಬುದ್ಧಿ ಉಂಟಾ ಎಂದು ಕೇಳಬೇಕೆಂದು ಆಸೆಯಾಗುತ್ತದೆ.

ಅವರನ್ನು ಕೊನೆಯ ಸಲ ಕಂಡದ್ದು ಕಮಲಕ್ಕನ ಹದಿಮೂರನೆಯ ದಿನ ಕಳೆದ ಮೇಲೆ. ಹೆಗಲ ಮೇಲೆ ಆ ಪಾರ್ಸೆಲ್ಲಿನ ಪೆಟ್ಟಿಗೆ ಹೊತ್ತು ನಡೆದೇ ಬಂದಿದ್ದರು. ಪೆಟ್ಟಿಗೆ ಒಡೆದಿರಲಿಲ್ಲ. ಕೌಂಟರಿನ ಮೇಲಿಟ್ಟು ಬೆವರು ಒರೆಸಿಕೊಂಡರು.

"ನರ್ಸಮ್ಮ ಬಂದ್ರೆ ಕೊಡು. ಯಾರಿಗಾದ್ರೂ ಬೇಕಾಗ್ತದೆ. ನಾಲ್ಕು ಸಲ ಬದಲಿಸ್ಲಿಕ್ಕೆ ಹೇಳು. ಮುಗಿದು ಹೋಗ್ತದೆ ಅಂತ ಕೈ ಬಿಗಿ ಹಿಡಿಯುದು ಬೇಡ."

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟು ದಿನ ಹೇಳದೇ ಇದ್ದದ್ದನ್ನು ಹೇಳಿದೆ. "ನಾರಾಯಣಣ್ಣ, ಆ ಚೀಟಿಯನ್ನು ನಾನು ಆವತ್ತೇ ಪೂರ್ತಿ ಓದ್ಬೇಕಿತ್ತು."

ಅವರು ಬೆವರು ಒರೆಸಿದ ಟವೆಲನ್ನು ಹೆಗಲಿಗೆ ಹಾಕಿಕೊಂಡರು.

"ಹೌದು," ಎಂದರು. "ಓದ್ಬೇಕಿತ್ತು."