ದುರುಗಕ್ಕನ ಬ್ಯಾಟ್ರಿ, ಸಾವುಕಾರರ ಹೆಸರು

ಮೂಡಲಲ್ಲಿ ಇನ್ನೂ ಕೆಂಪು ಹರಡುತ್ತಿದೆ. ಕರಿಗುಡ್ಡದಹಳ್ಳಿಯ ಪಂಚಾಯ್ತಿ ಕಟ್ಟೆಯ ಮುಂದೆ ದುರುಗಕ್ಕ ತಲೆಗೆ ಸಿಂಬಿ ಇಟ್ಟು, ಊರ ರೇಡಿಯೋದ ಬ್ಯಾಟ್ರಿಯನ್ನು ಎತ್ತಿ ಹೊರುತ್ತಾರೆ. ಒಳಗಿರುವುದು ಆಸಿಡ್ಡು; ಕತ್ತು ಕೊಂಚ ವಾಲಿದರೂ ತುಳುಕುತ್ತದೆ. ಅವರ ಸೀರೆಯ ಹೆಗಲ ಮೇಲೆ ಕಿಡಿ ಬಿದ್ದಂತೆ ಹತ್ತಾರು ತೂತುಗಳು.

"ನೀವು ಹಿಂದ ಬರ್ರಿ, ಮಗ್ಗುಲಿಗೆ ಬರಬ್ಯಾಡ್ರಿ" ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನನ್ನು ಎಚ್ಚರಿಸಿ ರಾಯದುರ್ಗದ ದಾರಿ ಹಿಡಿಯುತ್ತಾರೆ.

ಹೋಗಲು ಆರು ಮೈಲಿ, ಬರಲು ಆರು ಮೈಲಿ, ವಾರಕ್ಕೆ ಎರಡು ಸಲ. ರಾಯದುರ್ಗದ ಎಣ್ಣೆ ಗಿರಣಿಯ ಇಂಜಿನ್ನಿಗೆ ಬ್ಯಾಟ್ರಿ ಕಟ್ಟಿಸಿ, ಅದು ಚಾರ್ಜ್ ಆಗುವವರೆಗೆ ಅಲ್ಲೇ ಶೇಂಗಾ ಹಸನು ಮಾಡುತ್ತಾರೆ. ಸಂಜೆ ಆರಕ್ಕೆ ಊರು ಸೇರಿ, ಪೆಟ್ಟಿಗೆಯ ಬೀಗ ತೆಗೆದು, ರೇಡಿಯೋ ಹಚ್ಚುತ್ತಾರೆ. ಊರಿಗೆ ಕನ್ನಡ, ತೆಲುಗು ಎರಡೂ ಬರುವುದರಿಂದ ಮದರಾಸಿನ ಸುದ್ದಿ ತೆಲುಗಿನಲ್ಲಿ ಬಂದರೂ ಯಾರಿಗೂ ತೊಡಕಿಲ್ಲ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ದುರುಗಕ್ಕನೇ ಕೂಗಿ ಹೇಳುತ್ತಾರೆ.

ಮೊದಲು ಈ ಕೆಲಸ ಅವರ ಗಂಡ ಸೂರಪ್ಪನದು. ಬಾವಿ ತೋಡುವಾಗ ಕಲ್ಲು ಬಿದ್ದು ಸೂರಪ್ಪನ ಕಾಲು ಮುರಿದಾಗ ದುರುಗಕ್ಕ ಕೆಲಸ ಹಿಡಿದರು. ಹೆಂಗಸು ರೇಡಿಯೋ ಮುಟ್ಟುವುದೇ ಎಂದು ಕೆಲವರು ಗೊಣಗಿದರು. "ಹೊರಾಕ ಯಾರು ಬರ್ತೀರಿ, ಬರ್ರಿ ಅಂದೆ. ಒಬ್ಬರೂ ಏಳಲಿಲ್ರಿ" ಎಂದು ದುರುಗಕ್ಕ ನಗುತ್ತಾರೆ.

ಮಹಾಯುದ್ಧ ನಾಲ್ಕನೇ ವರ್ಷಕ್ಕೆ ಕಾಲಿಟ್ಟಾಗ ಹಳೆಯ ಬ್ಯಾಟ್ರಿ ಸತ್ತಿತು. ಹೊಸದು ಎಲ್ಲೂ ಸಿಗದು. ಊರಿನ ಮೂವರು ಸಿಪಾಯಿಗಳಾಗಿ ಬರ್ಮಾ ಗಡಿಯಲ್ಲಿದ್ದಾರೆ. ಅವರಲ್ಲೊಬ್ಬ ಮುದುಕಿ ಉಜ್ಜಿನಮ್ಮನ ಮಗ. ಆಗ ಗಿರಣಿಯ ಮಾಲೀಕ ಲಕ್ಷ್ಮೀನರಸಪ್ಪನವರು ತಮ್ಮ ಬಳಿಯಿದ್ದ ಬ್ಯಾಟ್ರಿ ಕೊಟ್ಟರು. ಚಾರ್ಜಿಗೂ ಏನೂ ತೆಗೆದುಕೊಳ್ಳುವುದಿಲ್ಲ ಎಂದರು. ದಿನಾ ರೇಡಿಯೋ ಹಚ್ಚುವ ಮುಂಚೆ ತಮ್ಮ ಹೆಸರು ಹೇಳಿದರೆ ಸಾಕಂತೆ. ದುರುಗಕ್ಕ ಸಂತೋಷದಿಂದಲೇ ಹೇಳಿದರು.

ಮೂರು ತಿಂಗಳ ಮೇಲೆ ಗಿರಣಿಯ ಗುಮಾಸ್ತ ಇನ್ನೊಂದು ಮಾತು ಕಲಿಸಿ ಕಳಿಸಿದ: ಲಕ್ಷ್ಮೀನರಸಪ್ಪನವರ ಎಣ್ಣೆಯಷ್ಟು ಶುದ್ಧವಾದದ್ದು ಈ ಸೀಮೆಯಲ್ಲಿಲ್ಲ, ಎಲ್ಲರೂ ಅದನ್ನೇ ಕೊಳ್ಳಿರಿ. ದುರುಗಕ್ಕ ಅದನ್ನೂ ಹೇಳಿದರು. ಊರಿನ ಗಾಣದ ದೊಡ್ಡರಂಗಪ್ಪ ಕಟ್ಟೆಯಿಂದ ಎದ್ದು ಹೋದರು.

ಆ ವಾರವೇ ಉಜ್ಜಿನಮ್ಮ ಸಂತೆಯಿಂದ ಗಿರಣಿ ಎಣ್ಣೆ ತಂದಳು. ಹುಟ್ಟಿದಾಗಿನಿಂದ ಗಾಣದ ಎಣ್ಣೆ ತಿಂದವಳು.

"ಯಾಕಬೇ, ಗಾಣದ್ದು ಬ್ಯಾಡಾತೇನು?" ಎಂದು ದುರುಗಕ್ಕ ಕೇಳಿದರು.

"ರೇಡಿಯೋದಾಗ ಹೇಳಿದ್ದು ಸುಳ್ಳಾಗತೈತೇನವ್ವ? ನನ್ನ ಮಗನ ಕಡಿ ಸುದ್ದಿ ಹೇಳಾ ಪೆಟಿಗಿ ಅದು."

ದುರುಗಕ್ಕನಿಗೆ ಆಗ ಹೊಳೆಯಿತು. ಪೆಟ್ಟಿಗೆ ಹೇಳಿದ್ದಾವುದು, ತಾನು ಹೇಳಿದ್ದಾವುದು, ಮುದುಕಿಗೆ ಬೇರೆ ಬೇರೆಯಾಗಿ ಕೇಳಿಸಿಯೇ ಇರಲಿಲ್ಲ. ಮರುದಿನ ಬ್ಯಾಟ್ರಿ ಹೊತ್ತು ನೇರ ಲಕ್ಷ್ಮೀನರಸಪ್ಪನವರ ಮುಂದೆ ನಿಂತರು.

"ಎಣ್ಣಿ ಮಾತು ನಾ ಇನ್ನ ಹೇಳಾದಿಲ್ರಿ, ಸಾವುಕಾರ್ರೇ."

"ಮೂರು ತಿಂಗಳು ನನ್ನ ಹೆಸರು ಹೇಳ್ದಿ. ಈಗೇನು ಬಂತು?"

"ನೀವು ಕೊಟ್ಟಿದ್ದು ಖರೇ ಐತ್ರಿ, ಹೇಳ್ದೆ. ಕೊಟ್ಟೋರ ಹೆಸರು ಹೇಳಾದು ಋಣ. ಅವರ ಎಣ್ಣಿನ ಕೊಳ್ರಿ ಅನ್ನಾದು ಯಾಪಾರ. ಅದಕ್ಕ ನಿಮ್ಮ ಅಂಗಡಿ ಐತಲ್ರಿ."

ಸಾವುಕಾರರಿಗೆ ಸಿಟ್ಟು ಬಂತು. ಬ್ಯಾಟ್ರಿಯನ್ನು ಅಲ್ಲೇ ಇಳಿಸಿಕೊಂಡರು. ದುರುಗಕ್ಕ ಬರಿಗೈಯಲ್ಲಿ ಊರಿಗೆ ಬಂದು, ಕಟ್ಟೆಯ ಮೇಲೆ ನಿಂತು ನಡೆದದ್ದನ್ನೆಲ್ಲ ಹೇಳಿದರು. ಕೆಲವರು ಬೈದರು. ಉಜ್ಜಿನಮ್ಮ ಅತ್ತಳು. "ಅದೊಂದು ನನಗ ತಡಕಳಾಕ ಆಗಲಿಲ್ರಿ. ಆದ್ರೂ ಹೋಗಿ ತಪ್ಪಾತು ಅನ್ನಾಕ ಕಾಲು ಏಳಲಿಲ್ಲ" ಎಂದು ದುರುಗಕ್ಕ ನೆನೆಯುತ್ತಾರೆ.

ಹನ್ನೆರಡು ದಿನ ರೇಡಿಯೋ ಮೂಕವಾಗಿತ್ತು. ಹದಿಮೂರನೆಯ ದಿನ ಸಂಜೆ ಊರೊಳಗೆ ಒಂದು ಜಟಕಾ ಬಂತು. ಇಳಿದವರು ಲಕ್ಷ್ಮೀನರಸಪ್ಪನವರು; ಬ್ಯಾಟ್ರಿಯೂ ಜೊತೆಗಿತ್ತು. ಎರಡು ಸಂತೆಗಳಲ್ಲಿ ಸುತ್ತಲ ಹಳ್ಳಿಯವರೆಲ್ಲ ಅವರನ್ನು ಕೇಳಿದ್ದು ಒಂದೇ ಮಾತು: ರೇಡಿಯೋ ಬಂದ್ ಮಾಡಿಸಿದ ಸಾವುಕಾರರು ನೀವೇ ಏನ್ರಿ?

"ಹಚ್ಚು ತಾಯಿ, ನಿನಗ ಸರಿ ಕಂಡದ್ದು ಹೇಳು" ಎಂದರಂತೆ.

ದುರುಗಕ್ಕ ತಂತಿ ಬಿಗಿದು, ಜನರ ಕಡೆ ತಿರುಗಿ, "ಈ ಬ್ಯಾಟ್ರಿ ರಾಯದುರ್ಗದ ಲಕ್ಷ್ಮೀನರಸಪ್ಪನವರು ಕೊಟ್ಟಿದ್ದು. ಊರಿನ ಶರಣು ಅವರಿಗೆ" ಎಂದರು. ಅಷ್ಟೇ. ಸಾವುಕಾರರು ಇನ್ನೇನಾದರೂ ಬರಬಹುದೆಂದು ಕ್ಷಣಹೊತ್ತು ಕಾದರು. ಬರಲಿಲ್ಲ. ಸುದ್ದಿ ಶುರುವಾಯಿತು. ದೊಡ್ಡರಂಗಪ್ಪ ತುಸು ಸರಿದು, ಕಂಬಳಿಯ ತುದಿ ಬಿಡಿಸಿ, ಅವರಿಗೆ ಕೂರಲು ಜಾಗ ಕೊಟ್ಟರು. ಇಂದಿಗೂ ದಿನವೂ ಅಷ್ಟೇ ಮಾತು, ಅದರ ಮೇಲೆ ಒಂದಕ್ಷರವಿಲ್ಲ.

ನಾವು ರಾಯದುರ್ಗ ಮುಟ್ಟುವಾಗ ಬಿಸಿಲೇರಿದೆ. ಬ್ಯಾಟ್ರಿ ಇಳಿಸಿ ದುರುಗಕ್ಕ ಕತ್ತು ನೀವಿಕೊಳ್ಳುತ್ತಾರೆ. ನಿಮಗೇನು ಬೇಕು ಎಂದು ಕೇಳುತ್ತೇನೆ.

"ಮಗ್ಗುಲ ಹಳ್ಳಿಯಿಂದ ಹೆಣ್ಮಕ್ಕಳು ಸುದ್ದಿ ಕೇಳಾಕ ಮೂರು ಮೈಲಿ ನಡದು ಬರ್ತಾರ್ರಿ. ಅವರ ಊರಿಗೂ ಒಂದು ಪೆಟಿಗಿ ಬಂದ್ರ ಚಲೋ ಆಗತೈತಿ. ಬ್ಯಾಟ್ರಿ ಹೊರಾರು ಸಿಗದಿದ್ರ ನಾ ಅದೀನಿ. ಅದನ್ನೂ ತುಳುಕಿಸದಂಗ ತರ್ತೀನ್ರಿ."